ಕಂದಕ ಮುಚ್ಚಿದ ಮೇಲೆ

ಪೋಲೆಂಡಿನ ಕ್ರಾಕೋವ್‌ನಲ್ಲಿ ಹಳೇ ಊರನ್ನು ಸುತ್ತುವರಿದ ಪಾರ್ಕಿನ ಹೆಸರು ಪ್ಲಾಂತಿ. ಇಂಗ್ಲಿಷಿನ ಪ್ಲಾಂಟ್‌ನಿಂದ ಬಂದಿದ್ದಿರಬೇಕು ಎಂದು ನಾನೂ ಅಂದುಕೊಂಡಿದ್ದೆ. ಪೋಲಿಷ್‌ನಲ್ಲಿ 'ಪ್ಲಾಂತೊವಾಚ್' ಅಂದರೆ ನೆಲ ಸಮ ಮಾಡುವುದಂತೆ. ಉದ್ಯಾನ ವಿನ್ಯಾಸದ ಕೆಲಸದಲ್ಲಿರುವ ನನಗೆ ಇದಕ್ಕಿಂತ ಪ್ರಾಮಾಣಿಕವಾದ ಹೆಸರು ಸಿಕ್ಕಿಲ್ಲ. ಜನ ನೋಡುವುದು ಮರವನ್ನು. ನಮ್ಮ ಖರ್ಚು, ಜಗಳ, ನಿದ್ದೆಗೆಡುವುದು ಎಲ್ಲ ಮಣ್ಣಿನ ಹತ್ತಿರ.

ಇಲ್ಲಿ ಸಮ ಮಾಡಿದ್ದು ಕೋಟೆಯನ್ನು. ಫಿರಂಗಿಗಳು ಬಲಿತ ಮೇಲೆ ಮಧ್ಯಯುಗದ ಗೋಡೆ, ಬುರುಜು ಕೆಲಸಕ್ಕೆ ಬಾರದಾದವು. 19ನೇ ಶತಮಾನದ ಶುರುವಿಗೆ ಕೆಡವತೊಡಗಿದರು, ಕಂದಕ ತುಂಬಿಸಿದರು. ಕೋಟೆಯೊಂದು ಬಿದ್ದಾಗ ಊರಿನ ಸುತ್ತ ಬಳೆಯಂಥ ಜಾಗ ಒಮ್ಮೆಗೇ ತೆರವಾಗುತ್ತದೆ. ವೈರಿಗೆ ಮರೆ ಸಿಗಬಾರದೆಂದು ಗೋಡೆಯಾಚೆ ಮನೆ ಕಟ್ಟಗೊಡದಿದ್ದ ಊರುಗಳಲ್ಲಂತೂ ಆ ಬಳೆ ಇನ್ನೂ ಅಗಲ. ವಿಯೆನ್ನಾದಲ್ಲಿ 1857ರಲ್ಲಿ ಚಕ್ರವರ್ತಿಯ ಆಜ್ಞೆಯಾಗಿ, ಅಂಥ ಜಾಗದಲ್ಲಿ ರಿಂಗ್‌ಸ್ಟ್ರಾಸೆ ಎಂಬ ಅಗಲವಾದ ರಾಜಬೀದಿಯೂ ಭಾರೀ ಕಟ್ಟಡಗಳೂ ಎದ್ದವು. ಕ್ರಾಕೋವ್ ಅದಕ್ಕೂ ಮುಂಚೆ, 1822ರಿಂದ 1830ರವರೆಗೆ, ಮರ ನೆಟ್ಟಿತ್ತು. ಸುಮಾರು 4 ಕಿ.ಮೀ. ಉದ್ದ, 21 ಹೆಕ್ಟೇರ್. ಉಸ್ತುವಾರಿ ಫ್ಲೋರಿಯನ್ ಸ್ತ್ರಾಶೆವ್ಸ್ಕಿ ಅವರದು.

ತುಂಬಿಸಿದ ಕಂದಕದ ಸ್ವಭಾವ ಗೊತ್ತಿದ್ದವರಿಗೆ ಮರವೇ ಜಾಣ ಆಯ್ಕೆ ಅನ್ನಿಸುತ್ತದೆ. ಇಟ್ಟಿಗೆ ಚೂರು, ಗಾರೆ, ಸಡಿಲ ಮಣ್ಣು ಸೇರಿದ ನೆಲ ವರ್ಷಗಟ್ಟಲೆ ಒಂದೊಂದು ಕಡೆ ಒಂದೊಂದು ಅಳತೆಗೆ ಕುಸಿಯುತ್ತದೆ. ಅದರ ಮೇಲಿನ ಗೋಡೆಗಾದರೆ ಬಿರುಕು ಖಂಡಿತ. ಕಾಲುದಾರಿ ಕುಸಿದರೆ ಇನ್ನೊಂದು ಗಾಡಿ ಜಲ್ಲಿ ಸುರಿದರಾಯಿತು.

ಎಲ್ಲವನ್ನೂ ಕೆಡವಲಿಲ್ಲ. ಉತ್ತರದ ಫ್ಲೋರಿಯನ್ ಹೆಬ್ಬಾಗಿಲು, ಅದರ ಮುಂದೆ 1498ರ ಸುಮಾರಿಗೆ ಕಟ್ಟಿದ ದುಂಡನೆಯ ಬಾರ್ಬಿಕನ್, ಅಂದರೆ ಬಾಗಿಲು ಕಾಯುವ ಹೊರಕೋಟೆ, ಉಳಿದಿವೆ. ಇವುಗಳ ಪರ ನಿಂತವರು ಪ್ರೊಫೆಸರ್ ಫೆಲಿಕ್ಸ್ ರಾದ್ವಾನ್ಸ್ಕಿ. ಗೋಡೆ ಹೋದರೆ ಉತ್ತರದ ಚಳಿಗಾಳಿ ನೇರವಾಗಿ ಪೇಟೆ ಚೌಕಕ್ಕೆ ನುಗ್ಗಿ ಜನ ಕಾಯಿಲೆ ಬೀಳುತ್ತಾರೆ ಎಂದು ವಾದಿಸಿದರೆಂದು ಹೇಳುತ್ತಾರೆ. ಪರಂಪರೆ ಎಂಬ ಮಾತಿಗೆ ಕಿವಿಗೊಡದವರೂ ನೆಗಡಿ ಎಂದರೆ ಕೇಳುತ್ತಾರೆ. ಹಳೇ ಕಟ್ಟೆಯೊಂದನ್ನು ಉಳಿಸಲು ನಾನೂ ಒಂದು ಸಭೆಯಲ್ಲಿ ಇತಿಹಾಸ ಬಿಟ್ಟು ಮಳೆನೀರಿನ ಲೆಕ್ಕ ತೆಗೆದಿದ್ದೆ. ಐದು ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು.

ಪ್ಲಾಂತಿಯಲ್ಲಿ ನಡೆಯುವವರು ಒಳಬದಿ ನೋಡುತ್ತಿರಿ. ಬಿದ್ದುಹೋದ ಗೋಡೆ, ಬುರುಜುಗಳ ಜಾಗಕ್ಕೆ ಗುರುತಾಗಿ ಹುಲ್ಲಿನ ನಡುವೆ ತಗ್ಗಾದ ಕಲ್ಲಿನ ಸಾಲುಗಳಿವೆ. ಅಲ್ಲಿಂದ ಹೊರಮುಖವಾಗಿ ಹತ್ತಾರು ಹೆಜ್ಜೆ ಇಟ್ಟರೆ ನಿಮ್ಮ ಕಾಲಡಿ ಇರುವುದು ಕಂದಕ.