ಪಲ್ಟಿಯ ಲೆಕ್ಕ: ಡಬ್ಬಿ ಕಾರು ರೇಸಿಗೆ ಆಗುತ್ತದಾ?

ಚೌಕಾಕಾರದ, ಎತ್ತರದ ಸಣ್ಣ ಕ್ರಾಸ್‌ಓವರ್ (ಕಾರಿನ ತಳದ ಮೇಲೆ ಕಟ್ಟಿದ ಎಸ್‌ಯುವಿ ರೂಪದ ಗಾಡಿ) ಇಟ್ಟುಕೊಂಡವರು ಆಟೋಕ್ರಾಸ್‌ಗೋ ಜಿಮ್ಖಾನಾಕ್ಕೋ, ಅಂದರೆ ಕೋನ್‌ಗಳ ನಡುವೆ ಗಡಿಯಾರದ ಎದುರು ಓಡಿಸುವ ಹವ್ಯಾಸಿ ಸ್ಪರ್ಧೆಗೆ, ಹೆಸರು ಕೊಡುತ್ತೇನೆ ಅಂದರೆ ಸಾಕು, ಎರಡು ಬಗೆಯ ಸಲಹೆ ಬರುತ್ತದೆ. ಒಂದು, "ಅಯ್ಯೋ ಬೇಡ, ಮೊದಲ ತಿರುವಲ್ಲೇ ಪಲ್ಟಿ ಹೊಡೆಯುತ್ತೆ." ಇನ್ನೊಂದು, "ಏನೂ ಆಗಲ್ಲ, ಗಟ್ಟಿ ಸ್ಪ್ರಿಂಗ್ ಹಾಕಿಸಿ, ಅಂಟುವಂಥ ರೇಸಿಂಗ್ ಟೈರ್ ಹಾಕಿಸಿ, ಮುಗೀತು." ಮೊದಲನೆಯವರು ಕಾರಿನ ಚಾವಣಿ ನೋಡಿಯೇ ಹೆದರಿದವರು. ಅವರಿಂದ ತೊಂದರೆಯಿಲ್ಲ. ನನಗೆ ಭಯ ಎರಡನೆಯವರ ಬಗ್ಗೆ. ಅವರು ಹೇಳಿದ್ದನ್ನು ಹಾಗ್ಹಾಗೇ ಮಾಡಿದರೆ, ಪಲ್ಟಿ ಹೊಡೆಯದೇ ಇದ್ದ ಕಾರು ಪಲ್ಟಿ ಹೊಡೆಯುವ ಕಾರಾಗುತ್ತದೆ.

ಚಾವಣಿಯ ಎತ್ತರ ಯಾಕೆ ಮೋಸ ಮಾಡುತ್ತದೆ ಅಂತ ಮೊದಲು ನೋಡೋಣ. ಕಾರಿನ ತೂಕ ಮೇಲಿಂದ ಕೆಳಗಿನವರೆಗೆ ಸಮನಾಗಿ ಹರಡಿಲ್ಲ. ಎಂಜಿನ್, ಗೇರ್‌ಬಾಕ್ಸ್, ಚಕ್ರ, ಸಸ್ಪೆನ್ಷನ್, ಪೆಟ್ರೋಲ್ ಟ್ಯಾಂಕ್ ಎಲ್ಲವೂ ಕೆಳಗಿವೆ. ಕಿಟಕಿಯಿಂದ ಮೇಲೆ ಇರುವುದು ತೆಳು ತಗಡು, ಗಾಜು ಮತ್ತು ಬರೀ ಗಾಳಿ. ಹಾಗಾಗಿ 1.6 ಮೀಟರ್ ಎತ್ತರದ ಗಾಡಿಯ ಗುರುತ್ವ ಕೇಂದ್ರ, ಅಂದರೆ ಇಡೀ ತೂಕ ಒಂದೇ ಕಡೆ ಸೇರಿದೆ ಅನ್ನಬಹುದಾದ ಬಿಂದು, ನೆಲದಿಂದ ಸುಮಾರು 60 ಸೆಂಟಿಮೀಟರ್ ಮೇಲಿರುತ್ತದೆ. ಹೆಚ್ಚುಕಡಿಮೆ ಚಾಲಕ ಕೂತ ಸೀಟಿನ ಮಟ್ಟ. ಮಾಮೂಲಿ ಸೆಡಾನ್‌ನಲ್ಲಿ ಅದು 52, 53 ಸೆಂಟಿಮೀಟರ್ ಇರಬಹುದು. ಹೊರಗಿನಿಂದ ಭಾರೀ ಎತ್ತರ ಕಂಡರೂ ಲೆಕ್ಕಕ್ಕೆ ಬರುವ ವ್ಯತ್ಯಾಸ ಒಂದು ಗೇಣಿಗಿಂತ ಕಡಿಮೆ.

ಇನ್ನು ಅಗಲ. ಎಡಗಡೆಯ ಚಕ್ರದಿಂದ ಬಲಗಡೆಯ ಚಕ್ರಕ್ಕೆ ಇರುವ ದೂರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಬರುವ ಅಂಕಿಗೆ ಸ್ಟ್ಯಾಟಿಕ್ ಸ್ಟೆಬಿಲಿಟಿ ಫ್ಯಾಕ್ಟರ್ ಎನ್ನುತ್ತಾರೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2001ರ ಮಾಡೆಲ್‌ಗಳಿಂದ ಇದನ್ನೇ ಹಿಡಿದು ಪಲ್ಟಿಯ ಸ್ಟಾರ್ ಕೊಡಲು ಶುರುಮಾಡಿತು. ಕಾರುಗಳಿಗೆ ಈ ಅಂಕಿ ಸಾಮಾನ್ಯವಾಗಿ 1.3ರಿಂದ 1.5. ಎಸ್‌ಯುವಿ, ವ್ಯಾನ್, ಪಿಕಪ್‌ಗಳಿಗೆ 1.0ರಿಂದ 1.3. ಸಣ್ಣ ಕ್ರಾಸ್‌ಓವರ್ ಈ ಎರಡು ಗುಂಪುಗಳ ಗಡಿಯಲ್ಲಿ ಬಂದು ನಿಲ್ಲುತ್ತದೆ. ಚಕ್ರಗಳ ನಡುವೆ 1.5 ಮೀಟರ್, ಗುರುತ್ವ ಕೇಂದ್ರ 60 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಸರಿಯಾಗಿ 1.25.

ಈ 1.25ಕ್ಕೆ ನೇರವಾದ ಅರ್ಥವಿದೆ. ಕಾರು ಬಗ್ಗದ, ಅಲುಗದ ವಸ್ತು ಅಂದುಕೊಂಡರೆ, ಅದನ್ನು ಉರುಳಿಸಲು ಅದರ ತೂಕದ 1.25 ಪಟ್ಟು ಬಲ ಪಕ್ಕದಿಂದ ಬೇಕು. ಆ ಬಲ ಎಲ್ಲಿಂದ ಬರಬೇಕು? ಚಕ್ರ ಏನಕ್ಕೂ ಎಡವದ ಸಮತಟ್ಟಾದ ನೆಲದಲ್ಲಿ ಟೈರ್‌ಗಳಿಂದಲೇ ಬರಬೇಕು, ಬೇರೆ ದಾರಿಯಿಲ್ಲ. ಒಣಗಿದ ಡಾಂಬರಿನ ಮೇಲೆ ಮಾಮೂಲಿ ರಸ್ತೆ ಟೈರ್ ಕೊಡುವುದು ತೂಕದ 0.9 ಪಟ್ಟಿನ ಆಸುಪಾಸು. ಅದಕ್ಕಿಂತ ಜಾಸ್ತಿ ಕೇಳಿದರೆ ಟೈರ್ ಜಾರುತ್ತದೆ. ಅಂದರೆ ಉರುಳುವ ಹಂತಕ್ಕೆ ಹೋಗುವ ಮೊದಲೇ ಕಾರು ಪಕ್ಕಕ್ಕೆ ಜಾರಿಕೊಂಡು ಹೋಗಿ, ಒಂದೆರಡು ಕೋನ್ ಬೀಳಿಸಿ, ಸುಮ್ನೆ ನಿಲ್ಲುತ್ತದೆ. ಜಾರುವುದೇ ಇಲ್ಲಿ ಕಾಪಾಡುವ ಗುಣ.

ಈಗ ಅದೇ ಕಾರಿಗೆ ಆ ಎರಡನೇ ಸಲಹೆಗಾರರ ಟೈರ್ ಹಾಕಿ. ಬಿಸಿಯಾದ ರೇಸಿಂಗ್ ರಬ್ಬರ್ ತೂಕದ 1.2 ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಿಡಿತ ಕೊಡುತ್ತದೆ. 1.25ಕ್ಕೂ 1.2ಕ್ಕೂ ನಡುವೆ ಉಳಿದಿದ್ದೆಷ್ಟು? ಆ ಉಳಿದಿದ್ದೂ ನಿಜದಲ್ಲಿ ಇರುವುದಿಲ್ಲ. ಯಾಕಂದರೆ ಕಾರು ಅಲುಗದ ವಸ್ತುವಲ್ಲ. ತಿರುವಿನಲ್ಲಿ ಬಾಡಿ ವಾಲುತ್ತದೆ, ಟೈರಿನ ಪಕ್ಕೆ ಮಡಚಿಕೊಳ್ಳುತ್ತದೆ, ಗುರುತ್ವ ಕೇಂದ್ರ ಹೊರಕ್ಕೆ ಸರಿಯುತ್ತದೆ. ಎಡಕ್ಕೆ ಎಳೆದು ತಕ್ಷಣ ಬಲಕ್ಕೆ ಎಳೆಯುವ ಸ್ಲಾಲಮ್‌ನಲ್ಲಂತೂ, ವಾಲಿದ ಬಾಡಿ ಹಿಂದಕ್ಕೆ ಚಿಮ್ಮುವ ವೇಗವೂ ಸೇರಿಕೊಳ್ಳುತ್ತದೆ. ಕಾಗದದ ಮೇಲಿನ 1.25 ಕೋನ್‌ಗಳ ನಡುವೆ ಅಷ್ಟು ಉಳಿಯುವುದಿಲ್ಲ. ಅಮೆರಿಕದ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಥರದ ಕ್ಲಬ್‌ಗಳು ಎತ್ತರದ ಗಾಡಿಗಳನ್ನು ಆಟೋಕ್ರಾಸ್‌ಗೆ ಬಿಡಲು ಹಿಂದೆಮುಂದೆ ನೋಡುವುದು ಇದಕ್ಕೇ.

ಇದಕ್ಕೆ ಇತಿಹಾಸದಲ್ಲಿ ಒಂದು ಪ್ರಸಿದ್ಧ ಉದಾಹರಣೆ ಇದೆ. 1997ರ ಅಕ್ಟೋಬರ್. ಮರ್ಸಿಡಿಸ್‌ನ ಹೊಚ್ಚ ಹೊಸ ಎ-ಕ್ಲಾಸ್, ಸಣ್ಣದು, ಎತ್ತರದ್ದು, ಡಬ್ಬಿಯಂಥದ್ದು. ಸ್ವೀಡನ್ನಿನ ಟೆಕ್ನಿಕೆನ್ಸ್ ವೆರ್ಲ್ಡ್ ಪತ್ರಿಕೆಯ ರಾಬರ್ಟ್ ಕೊಲಿನ್ ಅದನ್ನು ಮೂಸ್ ಟೆಸ್ಟ್‌ಗೆ ಒಡ್ಡಿದರು. ಮೂಸ್ ಎಂಬ ಜಿಂಕೆ ಕುಲದ ದೊಡ್ಡ ಪ್ರಾಣಿ ರಸ್ತೆಗೆ ಅಡ್ಡ ಬಂದರೆ ಹೇಗೆ ತಪ್ಪಿಸುತ್ತೀರೋ ಹಾಗೆ, ಥಟ್ಟನೆ ಒಂದು ಕಡೆಗೆ, ಥಟ್ಟನೆ ಮತ್ತೊಂದು ಕಡೆಗೆ. ಕಾರು ಪಲ್ಟಿ ಹೊಡೆಯಿತು. ಪೂರ್ವ ಜರ್ಮನಿಯ ಹಳೇ ಟ್ರಾಬಾಂಟ್ ಅದೇ ಪರೀಕ್ಷೆಯಲ್ಲಿ ಪಾಸಾಗುತ್ತೆ ಅಂತ ಜನ ನಕ್ಕರು. ನಕ್ಕಿದ್ದು ಸರಿ, ಆದರೆ ಟ್ರಾಬಾಂಟ್ ಜಾಣ ಕಾರಾಗಿದ್ದರಿಂದಲ್ಲ ಅದು. ಗಿಡ್ಡ ಕಾರು, ಹಗುರ, ಟೈರೂ ಸಪೂರ. ಅದು ಜಾರಿಕೊಂಡೇ ಬಚಾವಾಗುವ ಜಾತಿ.

ಮರ್ಸಿಡಿಸ್ ಮಾಡಿದ ರಿಪೇರಿ ಇನ್ನೂ ಸ್ವಾರಸ್ಯ. ಡೆಲಿವರಿ ನಿಲ್ಲಿಸಿದರು, ಸಸ್ಪೆನ್ಷನ್ ಬದಲಿಸಿದರು, ಟೈರ್ ಬದಲಿಸಿದರು. ಅದುವರೆಗೆ ದುಬಾರಿ ಕಾರುಗಳಿಗೆ ಮಾತ್ರ ಇದ್ದ ಇಎಸ್‌ಪಿಯನ್ನು ಎಲ್ಲ ಎ-ಕ್ಲಾಸ್‌ಗೂ ಹಾಕಿದರು. ಬಾಷ್ ಜೊತೆ ಸೇರಿ ಮಾಡಿದ ಆ ಇಎಸ್‌ಪಿ 1995ರಲ್ಲಿ ಎಸ್-ಕ್ಲಾಸ್‌ನಲ್ಲಿ ಬಂದಿತ್ತು. ಕಾರು ಹಿಡಿತ ತಪ್ಪುವ ಸೂಚನೆ ಸಿಕ್ಕ ಕೂಡಲೇ ಅದು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ, ಎಂಜಿನ್ನಿನ ಶಕ್ತಿ ತಗ್ಗಿಸುತ್ತದೆ. ಅಮೆರಿಕದಲ್ಲಿ 2012ರ ಮಾಡೆಲ್‌ಗಳಿಂದ ಅದು ಕಡ್ಡಾಯ. ಹವ್ಯಾಸಿ ರೇಸಿಗೆ ಬಂದವರು ಮೊದಲು ಮಾಡುವ ಕೆಲಸ ಅದರ ಬಟನ್ ಒತ್ತಿ ಆಫ್ ಮಾಡುವುದು! ಗಿಡ್ಡ ಕಾರಿನಲ್ಲಿ ಸರಿ. ಡಬ್ಬಿ ಕಾರಿನಲ್ಲಿ ಬೇಡ. ಸೆಕೆಂಡಿನ ಸ್ವಲ್ಪ ಭಾಗ ಕಳೆದುಕೊಂಡರೂ ಪರವಾಗಿಲ್ಲ.

ಇನ್ನು ಸ್ಪ್ರಿಂಗ್ ವಿಷಯ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದರೆ ವಾಹನ ಲೋಕದಲ್ಲಿ ಇದರಷ್ಟು ಗಟ್ಟಿಯಾಗಿ ಬೇರೂರಿದ ತಪ್ಪು ನಂಬಿಕೆ ಇನ್ನೊಂದಿಲ್ಲ. "ಗಟ್ಟಿ ಸ್ಪ್ರಿಂಗ್ ಹಾಕಿದರೆ ತೂಕ ಹೊರಗಿನ ಚಕ್ರಕ್ಕೆ ಹೋಗಲ್ಲ" ಅಂತಾರೆ. ಹೋಗುತ್ತೆ. ಲೆಕ್ಕ ಹಾಕಿ. ಕಾರು 1,200 ಕಿಲೋ. ತಿರುವಿನ ಬಲ ತೂಕದ 0.9 ಪಟ್ಟು. ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ದಾಟುವ ಭಾರ ಬೇಕಾದರೆ ಬಲವನ್ನು ಗುರುತ್ವ ಕೇಂದ್ರದ ಎತ್ತರದಿಂದ ಗುಣಿಸಿ, ಚಕ್ರಗಳ ನಡುವಿನ ಅಗಲದಿಂದ ಭಾಗಿಸಿ. 432 ಕಿಲೋ. ನಿಂತಾಗ ಎರಡೂ ಪಕ್ಕಕ್ಕೆ 600 ಕಿಲೋ ಇತ್ತು. ಈಗ ಹೊರಗೆ 1,032, ಒಳಗೆ ಬರೀ 168. ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಲ್ಲಾದರೂ ಬಂತಾ? ಇಲ್ಲ. ಸ್ಪ್ರಿಂಗ್ ಬದಲು ಕಬ್ಬಿಣದ ಸರಳು ಇಟ್ಟು ಬೆಸುಗೆ ಹಾಕಿದರೂ 432 ಕಿಲೋ ದಾಟಿಯೇ ದಾಟುತ್ತದೆ. ಬಾಡಿ ವಾಲಿ ಗುರುತ್ವ ಕೇಂದ್ರ 2 ಸೆಂಟಿಮೀಟರ್ ಹೊರಕ್ಕೆ ಸರಿದರೆ ಅದರಿಂದ ಸೇರುವುದು 16 ಕಿಲೋ. ಗಟ್ಟಿ ಸ್ಪ್ರಿಂಗ್ ಉಳಿಸುವುದು ಆ ಚಿಲ್ಲರೆಯಲ್ಲಿ ಒಂದು ಪಾಲನ್ನು. ಕಾರು ಬೇಗ ಸ್ಟಿಯರಿಂಗ್ ಮಾತು ಕೇಳುತ್ತದೆ, ವಾಲಿ ಚಿಮ್ಮುವುದು ಕಡಿಮೆಯಾಗುತ್ತದೆ. ಅಷ್ಟು ಲಾಭ ನಿಜ.

ಭಾರ ದಾಟಿದರೆ ಏನು ನಷ್ಟ? ಒಟ್ಟು ತೂಕ ಅಷ್ಟೇ ಇದೆಯಲ್ಲ? ಇದೆ, ಆದರೆ ಟೈರ್ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಹೆಚ್ಚುತ್ತದೆ. ಎರಡು ಕೈಯಲ್ಲಿ ಎರಡು ಕೊಡ ನೀರು ಹಿಡಿದು ಆರಾಮಾಗಿ ನಡೆಯುವವರಿಗೆ ಎರಡನ್ನೂ ಒಂದೇ ಕೈಗೆ ಕೊಟ್ಟು ನೋಡಿ, ಇನ್ನೊಂದು ಕೈ ಖಾಲಿ ಇದ್ದೂ ಪ್ರಯೋಜನವಿಲ್ಲ. ಎತ್ತರದ ಕಾರು ಹೊರಗಿನ ಟೈರ್‌ಗಳಿಗೆ ಇದನ್ನೇ ಮಾಡುತ್ತದೆ. ಪಲ್ಟಿ ಹೊಡೆಯದಿದ್ದರೂ ಸರಿ, ಅದೇ ಟೈರ್ ಹಾಕಿದ ಗಿಡ್ಡ ಕಾರಿಗಿಂತ ತಿರುವಿನಲ್ಲಿ ಅದು ನಿಧಾನವಾಗಲು ಇದೇ ಮುಖ್ಯ ಕಾರಣ.

ಇಲ್ಲೇ ಇನ್ನೊಂದು ಮಜಾ ಇದೆ. ಆಟೋಕ್ರಾಸ್ ಫೋಟೋಗಳಲ್ಲಿ ಇಂಥ ಕಾರುಗಳ ಹಿಂದಿನ ಒಳ ಚಕ್ರ ಗಾಳಿಯಲ್ಲಿ ತೇಲುತ್ತಿರುತ್ತದೆ. ನೋಡಿದವರು "ಇನ್ನೇನು ಉರುಳಿತು" ಅಂತಾರೆ. ನಮ್ಮ 1,200 ಕಿಲೋ ಕಾರಿನಲ್ಲಿ ಎಂಜಿನ್ ಮುಂದಿದೆ, ಹಾಗಾಗಿ ಮುಂದೆ 744, ಹಿಂದೆ 456 ಕಿಲೋ ಅಂದುಕೊಳ್ಳಿ. ಹಿಂದಿನ ಒಂದೊಂದು ಚಕ್ರಕ್ಕೆ 228. ಹಿಂಬದಿಯ ಆ್ಯಂಟಿ ರೋಲ್ ಬಾರ್ (ಬಾಡಿ ವಾಲುವುದನ್ನು ತಗ್ಗಿಸಲು ಎಡ, ಬಲ ಚಕ್ರಗಳನ್ನು ಜೋಡಿಸುವ ಸರಳು) ಗಟ್ಟಿ ಇದ್ದರೆ ಭಾರ ದಾಟಿಸುವ ಕೆಲಸ ಹಿಂದೆಯೇ ಜಾಸ್ತಿ ನಡೆಯುತ್ತದೆ. 228 ಕಿಲೋ ದಾಟಿದ ಮೇಲೆ ಒಳ ಚಕ್ರದಲ್ಲಿ ಕೊಡಲು ಏನೂ ಉಳಿದಿಲ್ಲ, ಅದು ಮೇಲೇಳುತ್ತದೆ. ಉಳಿದ 204 ಕಿಲೋ ಮುಂದೆ ದಾಟುತ್ತದೆ. ಆಗಲೂ ಮುಂದಿನ ಒಳ ಚಕ್ರದ ಮೇಲೆ 168 ಕಿಲೋ ಭದ್ರವಾಗಿ ಕೂತಿದೆ. ಮುಂದಿನ ಚಕ್ರಗಳೇ ಎಳೆಯುವ ಕಾರಿಗೆ ಇದು ಒಳ್ಳೆಯದೇ, ಎಳೆಯುವ ಚಕ್ರ ನೆಲದಲ್ಲಿದೆ. ಮೂರು ಕಾಲಲ್ಲಿ ನಿಂತ ಕಾರು ಉರುಳುತ್ತಿಲ್ಲ. ಮುಂದಿನ ಒಳ ಚಕ್ರವೂ ಏಳುತ್ತಿದ್ದರೆ ಮಾತ್ರ ಅಲ್ಲಿಗೆ ನಿಲ್ಲಿಸಿ.

ಹಾಗಾದರೆ ಕಾರನ್ನು ತಗ್ಗಿಸಬಹುದಲ್ವಾ? ತಗ್ಗಿಸಬಹುದು. 3 ಸೆಂಟಿಮೀಟರ್ ಇಳಿಸಿದರೆ ಗುರುತ್ವ ಕೇಂದ್ರ 57ಕ್ಕೆ ಬಂದು, ಅಂಕಿ 1.25ರಿಂದ 1.32ಕ್ಕೆ ಏರುತ್ತದೆ. ಅದಕ್ಕಿಂತ ಇಳಿಸುವ ಆಸೆ ಬೇಡ. ಈ ಕಾರುಗಳ ಮುಂದೆ ಸಾಮಾನ್ಯವಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್ ಇರುತ್ತದೆ. ಜಾಸ್ತಿ ಇಳಿಸಿದರೆ ಅದರ ಕೆಳಗಿನ ಆರ್ಮ್ ಮೇಲ್ಮುಖವಾಗಿ ಓರೆಯಾಗುತ್ತದೆ. ಆಗ ಬಾಡಿ ವಾಲುವ ಕೇಂದ್ರ, ಅಂದರೆ ರೋಲ್ ಸೆಂಟರ್, ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಇವೆರಡರ ನಡುವಿನ ಅಂತರ ಬೆಳೆದು, ಕಾರು ಇಳಿದಷ್ಟೂ ಜಾಸ್ತಿ ವಾಲಲು ನೋಡುತ್ತದೆ. ದುಡ್ಡು ಕೊಟ್ಟು ಕೆಡಿಸಿಕೊಂಡ ಹಾಗೆ. ಅದಕ್ಕಿಂತ ಕೊಳ್ಳುವಾಗಲೇ ದೊಡ್ಡ ಸನ್‌ರೂಫ್ ಇಲ್ಲದ ಮಾಡೆಲ್ ನೋಡಿ. ಚಾವಣಿಯಲ್ಲಿ 25 ಕಿಲೋ ಗಾಜು, ಮೋಟಾರು ಸೇರಿಸಿದರೆ ಗುರುತ್ವ ಕೇಂದ್ರ ಸುಮಾರು 2 ಸೆಂಟಿಮೀಟರ್ ಏರುತ್ತದೆ. ಅಲ್ಲಿಗೆ ಕಾರು ತಗ್ಗಿಸಿ ಗಳಿಸಿದ್ದರಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು.

ಮಣ್ಣಿನ ಮೇಲೆ ಕಥೆಯೇ ಬೇರೆ. ಜಲ್ಲಿ, ಮಣ್ಣು ಕೊಡುವ ಹಿಡಿತ 0.5, 0.6ರಷ್ಟು. 1.25ರ ಹತ್ತಿರಕ್ಕೂ ಬರುವುದಿಲ್ಲ. ನೆಲದಿಂದ ಎತ್ತರ, ಉದ್ದಕ್ಕೆ ಚಾಚುವ ಸಸ್ಪೆನ್ಷನ್, ದಪ್ಪ ಪಕ್ಕೆಯ ಟೈರ್, ಡಾಂಬರಿನಲ್ಲಿ ದೋಷ ಅನಿಸಿದ್ದೆಲ್ಲ ಇಲ್ಲಿ ಆಸ್ತಿ. ಸುಝುಕಿ ತನ್ನ ಎತ್ತರದ ಪುಟ್ಟ ಇಗ್ನಿಸ್ ಅನ್ನು ಚಕ್ರ ಹೊರಕ್ಕೆ ತಳ್ಳಿ, ಅಗಲ ಮಾಡಿ ಸೂಪರ್ 1600 ದರ್ಜೆಯ ರ‍್ಯಾಲಿ ಕಾರಾಗಿಸಿತು. 2004ರಲ್ಲಿ ಪರ್-ಗುನ್ನಾರ್ ಆ್ಯಂಡರ್ಸನ್ ಅದರಲ್ಲೇ ಜೂನಿಯರ್ ವಿಶ್ವ ರ‍್ಯಾಲಿ ಚಾಂಪಿಯನ್ ಆದರು. 2008ರಲ್ಲಿ ಎಸ್‌ಎಕ್ಸ್4 ಕ್ರಾಸ್‌ಓವರ್ ವಿಶ್ವ ರ‍್ಯಾಲಿಯ ಪೂರ್ತಿ ಸೀಸನ್ ಓಡಿತು. ಆದರೆ 2022ರಲ್ಲಿ ಮಾಂಟೆ ಕಾರ್ಲೊ ಗೆದ್ದ ಸೆಬಾಸ್ಟಿಯನ್ ಲೋಬ್ ಅವರ ಫೋರ್ಡ್ ಪೂಮಾವನ್ನು ತೋರಿಸಿ "ನೋಡಿ, ಕ್ರಾಸ್‌ಓವರ್!" ಅನ್ನಬೇಡಿ. ಒಳಗೆ ಕೊಳವೆಗಳ ಚೌಕಟ್ಟು, ಹೊರಗೆ ಪೂಮಾದ ರೂಪ, ಅಷ್ಟೇ.

ಮಣ್ಣಿನಲ್ಲಿ ಅಪಾಯ ಬರುವುದು ಟೈರ್ ಹೂತುಕೊಂಡಾಗ. ಎನ್‌ಎಚ್‌ಟಿಎಸ್‌ಎ ಪ್ರಕಾರ ಒಂದೇ ವಾಹನದ ಪಲ್ಟಿ ಅಪಘಾತಗಳಲ್ಲಿ ಸುಮಾರು 95 ಶೇಕಡಾ, ಚಕ್ರ ಏನಕ್ಕಾದರೂ ಎಡವಿ ಆದವು: ಮೆದು ಮಣ್ಣು, ಗುಂಡಿ, ರಸ್ತೆಯ ಅಂಚಿನ ಕಲ್ಲು. ಆಗ ಗ್ರಿಪ್ಪಿನ ಲೆಕ್ಕವೆಲ್ಲ ಬಿದ್ದುಹೋಗುತ್ತದೆ, ಗಿಡ್ಡ ಕಾರೂ ಉರುಳಬಹುದು. ಹಿಂದಿನ ಕಾರುಗಳು ಆಳವಾಗಿ ಕೊರೆದ ಜಾಡು ಇರುವ ಟ್ರ್ಯಾಕಿನಲ್ಲಿ ಅಡ್ಡಡ್ಡ ಜಾರಿಸುವ ಶೋಕಿ ಬೇಡ. ಸಮಯ ಮತ್ತು ವೇಗ ಹಿಡಿದು ಓಡಿಸುವ ಟಿಎಸ್‌ಡಿ ರ‍್ಯಾಲಿಗಾದರೆ ಇದಕ್ಕಿಂತ ಆರಾಮದ ಗಾಡಿ ಸಿಗಲಿಕ್ಕಿಲ್ಲ.

ದೊಡ್ಡ ಟ್ರ್ಯಾಕಿಗೆ ಮಾತ್ರ ನಾನು ಇವನ್ನು ಒಯ್ಯಲಾರೆ. ಗಂಟೆಗೆ 60 ಕಿ.ಮೀ.ನಲ್ಲಿ ಗಾಳಿಯನ್ನು ಸೀಳಲು ಇಂಥ ಡಬ್ಬಿಗೆ ಬೇಕಾದ್ದು ಸುಮಾರು 3 ಅಶ್ವಶಕ್ತಿ, ಲೆಕ್ಕಕ್ಕೇ ಇಲ್ಲ. 160ರಲ್ಲಿ ಅದು ಹತ್ತಿರ ಹತ್ತಿರ 60. ಗಿಡ್ಡ ಹ್ಯಾಚ್‌ಬ್ಯಾಕ್‌ಗೆ 46 ಸಾಕು. ಎಂಜಿನ್ನಿನಲ್ಲಿ ಇರುವುದೇ ನೂರಿಪ್ಪತ್ತು ಅಂದರೆ ನೇರ ದಾರಿಯಲ್ಲೇ ಸೋತಿರಿ. ಬ್ರೇಕ್ ಇನ್ನೂ ಕಷ್ಟ. ಹಿಂದೆ ಹಲವು ಮಾಡೆಲ್‌ಗಳಲ್ಲಿ ಡ್ರಮ್ ಇರುತ್ತದೆ. ಹಳೇ ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿಕೊಂಡಿರುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140. ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಸಿವಿಟಿ ಎಂಬ ಬೆಲ್ಟಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ಬಿಸಿಯಾಗಿ ತನ್ನನ್ನು ತಾನು ಉಳಿಸಿಕೊಳ್ಳಲು ಶಕ್ತಿ ಕಡಿತ ಮಾಡುತ್ತದೆ, ಕಾಲೆಷ್ಟು ಒತ್ತಿದರೂ ಅಷ್ಟೇ.

ಆಟೋಕ್ರಾಸ್‌ಗೆ ಹೋಗುವುದಾದರೆ ರಸ್ತೆ ಟೈರ್, ಇಎಸ್‌ಪಿ ಆನ್, ಪಕ್ಕದ ಸೀಟು ಖಾಲಿ. ಡಬ್ಬಿ ಆಕಾರದ ಸುಖಗಳೂ ಇವೆ. ಹೆಲ್ಮೆಟ್ ಹಾಕಿದರೂ ತಲೆ ಚಾವಣಿಗೆ ತಾಗುವುದಿಲ್ಲ. ಎತ್ತರ ಕೂತು ನೋಡಿದರೆ ದೂರದ ಕೋನ್‌ಗಳ ಸಾಲು ಸ್ಪಷ್ಟ ಕಾಣುತ್ತದೆ. ನಾಲ್ಕು ಬಿಡಿ ಟೈರ್, ಜ್ಯಾಕ್, ಟೂಲ್ ಬಾಕ್ಸ್ ಎಲ್ಲ ಹಿಂದೆ ಹಿಡಿಸುತ್ತವೆ. ಓಡಿಸುವ ಮುಂಚೆ ಅವನ್ನೆಲ್ಲ, ಮೇಲೆ ಕ್ಯಾರಿಯರ್ ಇದ್ದರೆ ಅದನ್ನೂ ಸೇರಿಸಿ, ಇಳಿಸಿಡಿ. ಕಾರು ತಪಾಸಣೆ ಮಾಡುವವರು ಒಳಗೆ ಸಡಿಲವಾಗಿ ಬಿದ್ದಿರುವ ಸಾಮಾನು ಕಂಡರೆ ಹೇಗೂ ವಾಪಸ್ ಕಳಿಸುತ್ತಾರೆ.