ನೀರಿಗೆ ಸೇರದ ಔಷಧಿ ನೀರು ತುಂಬಿದ ಜೆಲ್‌ನಲ್ಲಿ ಹೇಗೆ ಕೂರುತ್ತದೆ?

ಪ್ರಶ್ನೆ: ನ್ಯಾನೋಜೆಲ್ ಎಂಬ ಅತಿ ಸಣ್ಣ ಜೆಲ್ ಉಂಡೆಯಲ್ಲಿ ಬಹುಪಾಲು ನೀರೇ ಇರುತ್ತದಂತೆ. ಹಾಗಿದ್ದರೆ ನೀರಿನಲ್ಲಿ ಕರಗದ ಔಷಧಿಯನ್ನು ಅದು ಹೊರುವುದು ಹೇಗೆ?

ಉತ್ತರ: ಔಷಧಿ ಕೂರುವುದು ಜೆಲ್‌ನ ನೀರಿನಲ್ಲಲ್ಲ, ಅದರ ಗಂಟುಗಳಲ್ಲಿ.

ಸಾರಿಗೆ ಒಗ್ಗರಣೆ ಹಾಕಿ ಸ್ವಲ್ಪ ಹೊತ್ತು ನೋಡಿ. ಬಿಡಿಬಿಡಿಯಾಗಿದ್ದ ಎಣ್ಣೆ ಹನಿಗಳು ತಾವಾಗಿಯೇ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಅವುಗಳಿಗೆ ಅರಿಶಿನದ, ಮೆಣಸಿನಕಾಯಿಯ ಬಣ್ಣವೂ ಹತ್ತಿರುತ್ತದೆ, ಅಲ್ವಾ? ಆ ಬಣ್ಣದ ಕಣಗಳಿಗೆ ನೀರು ಒಗ್ಗುವುದಿಲ್ಲ, ಎಣ್ಣೆ ಒಗ್ಗುತ್ತದೆ. ನ್ಯಾನೋಜೆಲ್‌ನಲ್ಲಿ ನಡೆಯುವುದೂ ಇವೇ ಎರಡು ಕೆಲಸ.

ಜಪಾನಿನ ಕಝುನಾರಿ ಅಕಿಯೋಶಿ, ಜುಂಝೋ ಸುನಮೊಟೊ ಮತ್ತು ಸಂಗಡಿಗರು 1993ರಲ್ಲಿ ಇದನ್ನು ಬಹಳ ಸರಳವಾಗಿ ಮಾಡಿ ತೋರಿಸಿದರು. ಪುಲ್ಲುಲಾನ್ ಎಂಬುದು ಒಂದು ಶಿಲೀಂಧ್ರ ತಯಾರಿಸುವ ಸಕ್ಕರೆಯ ಉದ್ದ ಸರಪಳಿ. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಅದರ ಪ್ರತಿ ನೂರು ಗ್ಲೂಕೋಸ್ ಕೊಂಡಿಗಳಿಗೆ ಒಂದೆರಡರಂತೆ ಕೊಲೆಸ್ಟರಾಲ್ ಅಂಟಿಸಿದರು. ನೀರಿಗೆ ಹಾಕಿದಾಗ ಕೊಲೆಸ್ಟರಾಲ್ ತುಣುಕುಗಳು ಒಟ್ಟುಗೂಡಿ ಗಂಟಾದವು. ಸುತ್ತಲಿನ ಸರಪಳಿ ನೀರು ಹೀರಿ ಉಬ್ಬಿತು. ಸುಮಾರು 20ರಿಂದ 30 ನ್ಯಾನೋಮೀಟರ್ ಅಗಲದ ಉಂಡೆಗಳು ಸಿದ್ಧ! ಜೆಲ್ ಬಿಚ್ಚಿಹೋಗದಂತೆ ಹಿಡಿಯುವುದೂ ಆ ಗಂಟೇ, ಎಣ್ಣೆ ಸ್ವಭಾವದ ಔಷಧಿಗೆ ಜಾಗ ಕೊಡುವುದೂ ಅದೇ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಸಂಗತಿ ಇದು.

ಇಷ್ಟೆಲ್ಲ ಯಾಕೆ ಬೇಕು? ಪ್ಯಾಕ್ಲಿಟಾಕ್ಸೆಲ್ ನೋಡಿ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗೆ ಕೊಡುವ ಔಷಧಿ. ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಹಾಗಾಗಿ ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಕ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿ ಡ್ರಿಪ್ ಹಾಕುತ್ತಾರೆ. ಆ ದ್ರಾವಕಕ್ಕೇ ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ. ಅದನ್ನು ತಡೆಯಲು ಮೊದಲೇ ಸ್ಟೀರಾಯ್ಡ್, ಅಲರ್ಜಿ ಔಷಧಿ ಕೊಡಬೇಕು. ಮೊದಲೇ ಬಳಲಿದ ದೇಹಕ್ಕೆ ಇದು ಜಾಸ್ತಿ ಹೊರೆ.

ಇನ್ನೊಂದು ತೊಡಕಿದೆ. ಸೋಪಿನಂತೆ ಸಡಿಲವಾಗಿ ಗುಂಪುಗೂಡುವ ಕಣಗಳು ರಕ್ತಕ್ಕೆ ಸೇರಿ ತೆಳುವಾದರೆ ಚದುರಿಹೋಗಬಹುದು. ಇದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಎಸ್. ತಾಯುಮಾನವನ್ ಅವರ ತಂಡ 2010ರಲ್ಲಿ ಒಂದು ದಾರಿ ತೋರಿಸಿತು. ಸರಪಳಿಗಳು ತಾವಾಗಿ ಉಂಡೆ ಕಟ್ಟಿದ ಮೇಲೆ, ಗಂಧಕದ ಜೋಡಿ ಕೊಂಡಿಗಳಿಂದ ಅವನ್ನು ಬಿಗಿಯುವುದು. ಈ ಕೊಂಡಿಯನ್ನು ನಮ್ಮ ದೇಹದಲ್ಲೇ ಇರುವ ಗ್ಲುಟಾಥಯೋನ್ ಎಂಬ ಸಣ್ಣ ಅಣು ಕತ್ತರಿಸುತ್ತದೆ. ಅದು ರಕ್ತದ ದ್ರವದಲ್ಲಿ ತೀರಾ ಕಡಿಮೆ, ಜೀವಕೋಶದ ಒಳಗೆ ನೂರಾರು ಪಟ್ಟು ಹೆಚ್ಚು. ಅಂದರೆ ದಾರಿಯಲ್ಲಿ ಬಿಗಿಯಾಗಿದ್ದು, ಕೋಶದೊಳಗೆ ಹೋದ ಮೇಲೆ ಬಿಚ್ಚಿಕೊಳ್ಳುತ್ತದೆ.

ಆದರೆ ಉಂಡೆ ಗಟ್ಟಿಯಾಗಿದ್ದ ಮಾತ್ರಕ್ಕೆ ಔಷಧಿ ಒಳಗೇ ಉಳಿಯುತ್ತದೆ ಎನ್ನುವಂತಿಲ್ಲ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದೆ, ಕೊಬ್ಬಿನ ಕಣಗಳಿವೆ. ಔಷಧಿಗೆ ಅವೂ ಒಗ್ಗುತ್ತವೆ. ಗಂಟು ಬಿಟ್ಟು ಸುಮ್ನೆ ಅತ್ತ ಜಾರಿಕೊಳ್ಳಬಹುದು. ಈ ಸೋರಿಕೆಯನ್ನು ಅಳೆಯದೆ, ಟೆಸ್ಟ್ ಟ್ಯೂಬಿನಲ್ಲಿ ಚೆನ್ನಾಗಿ ಕಂಡ ಜೆಲ್ ಅನ್ನು ನಂಬಲಾಗದು.