ಮೀನು ಹೆಚ್ಚಿದ್ದು ಕಾವಲಿನಿಂದಲೋ, ಜಾಗದ ಗುಣದಿಂದಲೋ?

ಸಮುದ್ರದ ಒಂದು ಭಾಗದಲ್ಲಿ ಮೀನುಗಾರಿಕೆಯನ್ನು ನಿಷೇಧಿಸಿ, ಕೆಲವು ವರ್ಷಗಳ ಬಳಿಕ ಗಡಿಯ ಒಳಗೂ ಹೊರಗೂ ಮೀನು ಎಣಿಸಿ, ಒಳಗೆ ಹೆಚ್ಚು ಕಂಡರೆ ಸಂರಕ್ಷಣೆ ಫಲಿಸಿತೆಂದು ತೀರ್ಮಾನಿಸುವುದು ಬಹುಕಾಲದ ರೂಢಿ. ಆದರೆ ಒಳಗಿನ ಹವಳದ ದಿಬ್ಬ ಮೊದಲಿನಿಂದಲೂ ಸಮೃದ್ಧವಾಗಿದ್ದು ಹೊರಗಿನದು ಬಹುಪಾಲು ಮರಳೇ ಆಗಿದ್ದರೆ, ಕಾವಲಿಲ್ಲದಿದ್ದರೂ ಆ ವ್ಯತ್ಯಾಸ ಇದ್ದೇ ಇರುತ್ತಿತ್ತು.

ಫಿಲಿಪ್ಪೀನ್ಸ್‌ನ ಸುಮಿಲೊನ್ ದ್ವೀಪದಲ್ಲಿ 1974ರಲ್ಲಿ ಮೀಸಲು ಪ್ರದೇಶ ರೂಪುಗೊಂಡಿತು. ಮರುವರ್ಷ ಆಸ್ಟ್ರೇಲಿಯ ತನ್ನ ಕರಾವಳಿಯ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಪ್ರತ್ಯೇಕ ಕಾಯ್ದೆ ಮಾಡಿತು. ಆಗ ಕಡಲ ತಳದ ವಿವರವಾದ ನಕ್ಷೆಗಳು ವಿರಳವಾಗಿದ್ದವು. ಮುಳುಗುಗಾರರು ಅಳತೆಯ ಗೆರೆಯ ಉದ್ದಕ್ಕೂ ಈಜುತ್ತ ಮೀನು ಎಣಿಸುವ ವಿಧಾನ 1950ರ ದಶಕದಿಂದಲೇ ಬಳಕೆಯಲ್ಲಿತ್ತು. ದಿಬ್ಬದ ಒರಟುತನವನ್ನು ಅಳೆಯುವ ಉಪಾಯವಂತೂ ಬಹಳ ಸರಳ: ಒಂದು ಸರಪಳಿಯನ್ನು ಪ್ರತಿಯೊಂದು ಉಬ್ಬುತಗ್ಗಿಗೂ ತಾಗುವಂತೆ ಹಾಸಿ, ಅದರ ಉದ್ದವನ್ನು ಅದು ಕ್ರಮಿಸಿದ ನೇರ ದೂರದಿಂದ ಭಾಗಿಸುವುದು. ಹತ್ತು ಮೀಟರ್ ಸರಪಳಿ ಐದೇ ಮೀಟರ್ ದೂರ ಸಾಗಿದರೆ ಒರಟುತನ ಎರಡು. ಬಿರುಕು, ಪೊಟರೆಗಳು ಹೆಚ್ಚಿದಷ್ಟೂ ಸಣ್ಣ ಮೀನುಗಳಿಗೆ ಅಡಗುತಾಣ ಹೆಚ್ಚುವುದರಿಂದ, ಈ ಸಾಧಾರಣ ಸಂಖ್ಯೆಯೇ ಮೀನಿನ ಹೇರಳತೆಯ ಬಗ್ಗೆ ಬಹಳಷ್ಟನ್ನು ಹೇಳುತ್ತಿತ್ತು.

2004ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಕಡಲ ಉದ್ಯಾನವನ್ನು ಮರುವಿಂಗಡಿಸುವಾಗ ಅಲ್ಲಿನ 70 ಜೈವಿಕ ವಲಯಗಳನ್ನು, ಅಂದರೆ ಒಂದೇ ಬಗೆಯ ಜೀವಿಗಳೂ ಪರಿಸರವೂ ಇರುವ ಭಾಗಗಳನ್ನು, ಗುರುತಿಸಿ, ಪ್ರತಿಯೊಂದರಲ್ಲೂ ಕನಿಷ್ಠ ಶೇ 20ರಷ್ಟನ್ನು ಕಾಯ್ದಿಡಬೇಕೆಂಬ ತತ್ತ್ವವನ್ನು ಅನುಸರಿಸಲಾಯಿತು; ಮೀನುಗಾರಿಕೆ ನಿಷೇಧದ ಪ್ರದೇಶ ಶೇ 5ಕ್ಕಿಂತ ಕಡಿಮೆಯಿದ್ದದ್ದು ಸುಮಾರು ಶೇ 33ಕ್ಕೆ ಏರಿತು. ಬಳಿಕ ಉಪಗ್ರಹ, ಸೋನಾರ್ ಮತ್ತು ಲೇಸರ್ ಅಳತೆಗಳು ಸುಲಭವಾಗಿ ದೊರೆತಂತೆ, ಆಳ, ಇಳಿಜಾರು, ಒರಟುತನ, ಅಲೆಗಳ ಹೊಡೆತ, ಜೀವಂತ ಹವಳದ ಪ್ರಮಾಣ ಇವುಗಳ ಆಧಾರದ ಮೇಲೆ ಯಾವ ಜಾಗ ಎಷ್ಟು ಮೀನನ್ನು ಪೋಷಿಸಬಲ್ಲದೆಂದು ಅಂದಾಜಿಸುವ ಆವಾಸ ಮಾದರಿಗಳು ಬೆಳೆದವು. ಇವುಗಳಿಂದ ಎರಡು ಪ್ರಶ್ನೆಗಳು ಬೇರ್ಪಟ್ಟವು. ಗಡಿಯೊಳಗೆ ಒಳ್ಳೆಯ ಆವಾಸ ಇದೆಯೇ ಎಂಬುದು ಒಂದು. ಆ ಆವಾಸಕ್ಕೆ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚು ಮೀನು ಅಲ್ಲಿದೆಯೇ ಎಂಬುದು ಇನ್ನೊಂದು.

ಮೊದಲ ಪ್ರಶ್ನೆ ಸರ್ಕಾರಗಳಿಗೆ ಅಷ್ಟು ಹಿತವಾದುದಲ್ಲ. ಜೀವವೈವಿಧ್ಯ ರಕ್ಷಣೆಗೆ ದೇಶಗಳು ಒಪ್ಪಿಕೊಂಡ 2010ರ ಐಚಿ ಗುರಿ 2020ರೊಳಗೆ ಶೇ 10ರಷ್ಟು ಕಡಲನ್ನೂ, 2022ರ ಕುನ್ಮಿಂಗ್–ಮಾಂಟ್ರಿಯಲ್ ಒಪ್ಪಂದ 2030ರೊಳಗೆ ಶೇ 30ರಷ್ಟನ್ನೂ ಕೇಳಿದಾಗ, ಯಾರೂ ಮೀನು ಹಿಡಿಯದ ದೂರದ ನೀರಿಗೆ ಗೆರೆ ಎಳೆದು ಶೇಕಡಾವಾರು ತುಂಬಿಸುವ ಆಮಿಷ ಸಹಜವಾಗಿಯೇ ಬಲವಾಯಿತು. 2014ರಲ್ಲಿ 87 ಸಂರಕ್ಷಿತ ಪ್ರದೇಶಗಳನ್ನು ಹೋಲಿಸಿದ ಅಧ್ಯಯನವೊಂದು, ಪೂರ್ಣ ನಿಷೇಧ, ಬಿಗಿಯಾದ ಕಾವಲು, ಹತ್ತು ವರ್ಷ ಮೀರಿದ ವಯಸ್ಸು, 100 ಚದರ ಕಿಲೋಮೀಟರ್‌ಗೂ ಮಿಕ್ಕ ವಿಸ್ತಾರ, ಸುತ್ತಲಿನ ಆಳವಾದ ನೀರು ಅಥವಾ ಮರಳಿನಿಂದಾಗಿ ಬೇರೆ ದಿಬ್ಬಗಳಿಂದ ಪ್ರತ್ಯೇಕತೆ ಎಂಬ ಐದು ಲಕ್ಷಣಗಳಲ್ಲಿ ಒಂದೋ ಎರಡೋ ಮಾತ್ರ ಇದ್ದ ಪ್ರದೇಶಗಳು, ಮೀನುಗಾರಿಕೆ ನಡೆಯುವ ಜಾಗಗಳಿಗಿಂತ ಭಿನ್ನವಾಗಿ ಕಾಣಲಿಲ್ಲವೆಂದು ತೋರಿಸಿತು. ಅಂಥವೇ ಶೇ 59ರಷ್ಟಿದ್ದವು.

ಹಾಗೆಂದು ಮಾದರಿಗಳೇನೂ ನಿರ್ದೋಷಿಯಲ್ಲ. ದಡಕ್ಕೆ ಹತ್ತಿರದ ದಿಬ್ಬಗಳಲ್ಲಿ ದೊಡ್ಡ ಮೀನುಗಳನ್ನೆಲ್ಲ ಈಗಾಗಲೇ ಹಿಡಿದು ಮುಗಿಸಿದ್ದರೆ, ಆ ಎಣಿಕೆಯಿಂದ ಕಲಿತ ಮಾದರಿ ದೂರದ ದಿಬ್ಬವನ್ನಷ್ಟೇ ಅವುಗಳ ನೆಲೆಯೆಂದು ತಿಳಿಯುತ್ತದೆ. ಬಲೆಯ ಗುರುತನ್ನೇ ಆವಾಸವೆಂದು ಓದಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಬಂದರಿನಿಂದಿರುವ ದೂರದಂಥ ಮೀನುಗಾರಿಕೆಯ ಒತ್ತಡದ ಸೂಚಕಗಳನ್ನೂ ಮಾದರಿಗೆ ಸೇರಿಸುತ್ತಾರೆ. ಆವಾಸವೂ ನಿಂತಲ್ಲೇ ನಿಲ್ಲುವುದಿಲ್ಲ: 2016 ಮತ್ತು 2017ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಕಡಲಿನ ಬಿಸಿಗೆ ಸತತವಾಗಿ ಬಿಳಿಚಿಕೊಂಡು ಬಹಳಷ್ಟು ಹವಳ ಸತ್ತ ಮೇಲೆ, ಅದಕ್ಕೂ ಹಿಂದಿನ ಹವಳದ ನಕ್ಷೆಯನ್ನೇ ಹಿಡಿದು ಕೂತರೆ, ಹವಳವನ್ನೇ ತಿಂದು ಬದುಕುವ ಚಿಟ್ಟೆಮೀನುಗಳು ಕಡಿಮೆಯಾದ ಹೊಣೆ ಅನ್ಯಾಯವಾಗಿ ಕಾವಲಿನ ಮೇಲೆ ಬೀಳುತ್ತದೆ.